ತಾಯಿ ಕಾರ್ಡಿನ ಐದನೇ ವರ್ಷದ ಸಾಲು

ನಮ್ಮ ಮನೆಯ ಕಪಾಟಿನಲ್ಲಿ ಮಕ್ಕಳಿಗೆ ಹಾಕಿಸಿದ ಲಸಿಕೆಗಳನ್ನು ಬರೆದಿಡುವ ಎರಡು ತಾಯಿ ಕಾರ್ಡುಗಳಿವೆ. ಒಂದು 2015ರ ಆಗಸ್ಟ್‌ನಲ್ಲಿ ಹುಟ್ಟಿದ ಮಗಳದು, ಇನ್ನೊಂದು 2022ರ ಮೇ ತಿಂಗಳಲ್ಲಿ ಹುಟ್ಟಿದ ಮಗನದು. ಮಗಳಿಗೆ ಹತ್ತು ವರ್ಷ ತುಂಬಿದ ಮೇಲೆ ಹಾಕಿಸಬೇಕಾದ, ಧನುರ್ವಾಯು ಮತ್ತು ಗಂಟಲಮಾರಿ (ಡಿಫ್ತೀರಿಯಾ) ತಡೆಯುವ ಟಿ.ಡಿ. ಚುಚ್ಚುಮದ್ದನ್ನು ಹಾಕಿಸಿಕೊಂಡು ಬಂದ ಸಂಜೆ, ದಿನಾಂಕ ಬರೆದಿದ್ದಾರೋ ಇಲ್ಲವೋ ಎಂದು ನೋಡಲು ಕಾರ್ಡನ್ನು ಬಿಚ್ಚಿದವಳು ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ಕುಳಿತೆ. ಮಗನ ಕಾರ್ಡು ಈವರೆಗೆ ಒಂದೇ ಕೈಬರಹದಲ್ಲಿ, ಒಂದೇ ಆರೋಗ್ಯ ಉಪಕೇಂದ್ರದ ಶಿಕ್ಕೆಯೊಂದಿಗೆ ಸಾಲಾಗಿ ತುಂಬಿದೆ. ಮಗಳದರಲ್ಲಿ ಎರಡು ಜಿಲ್ಲೆಗಳ ಶಿಕ್ಕೆಗಳಿವೆ, ಮೂವರು ಸಿಸ್ಟರ್‌ಗಳ ಅಕ್ಷರಗಳಿವೆ, ಒಂದು ತಿಂಗಳು ತಡವಾದ ದಡಾರದ ದಿನಾಂಕವಿದೆ, ಮತ್ತು ಐದನೇ ವರ್ಷದ ಸಾಲಿನಲ್ಲಿ ನಾನು ಇಂದಿಗೂ ನೆನೆದು ಕಳವಳಪಡುವ ಒಂದೂವರೆ ವರ್ಷದ ವಿಳಂಬವಿದೆ.

ನನ್ನ ತವರು ಗೋಕಾಕ ತಾಲೂಕಿನ ಒಂದು ಹಳ್ಳಿ. ಕೊಟ್ಟ ಊರು ಜಮಖಂಡಿ. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಬಾಣಂತನ ಮುಗಿಸಿ ಐದನೇ ತಿಂಗಳಲ್ಲಿ ಕೂಸನ್ನು ತೊಟ್ಟಿಲ ಸಮೇತ ಗಂಡನ ಮನೆಗೆ ಕಳಿಸಬೇಕು ಎಂಬ ಪದ್ಧತಿಯನ್ನು ಬಲ್ಲವರಿಗೆಲ್ಲ ಗೊತ್ತಿರುವಂತೆ, ಲಸಿಕೆಯ ಪಟ್ಟಿಯ ಮೊದಲರ್ಧ ಒಂದು ಊರಿನಲ್ಲಿ ನಡೆದರೆ ಉಳಿದರ್ಧ ಇನ್ನೊಂದು ಊರಿನಲ್ಲಿ ನಡೆಯುತ್ತದೆ. ಬಳೆ, ಕುಪ್ಪಸ, ಬೆಳ್ಳಿಯ ಕಾಲ್ಗಡಗ, ಕುಂಚಿಗೆ ಎಲ್ಲವನ್ನೂ ಎಣಿಸಿ ಗಂಟು ಕಟ್ಟುವ ಅವ್ವಂದಿರು ತಾಯಿ ಕಾರ್ಡನ್ನು ಮಾತ್ರ ಪೆಟ್ಟಿಗೆಯ ತಳದಲ್ಲೇ ಮರೆಯುತ್ತಾರೆ. ನನ್ನ ಅವ್ವ ಮರೆತದ್ದೂ ಹಾಗೆಯೇ. ತಪ್ಪು ಅವಳದಲ್ಲ, ಅದನ್ನು ಕೇಳಿ ಪಡೆಯಬೇಕಾಗಿದ್ದವಳು ನಾನು.

ಮಗಳು ಹುಟ್ಟಿದ ದಿನವೇ ಆಸ್ಪತ್ರೆಯಲ್ಲಿ ಕ್ಷಯದ ವಿರುದ್ಧದ ಬಿ.ಸಿ.ಜಿ., ಹೆಪಟೈಟಿಸ್-ಬಿ ಚುಚ್ಚುಮದ್ದು ಮತ್ತು ಪೋಲಿಯೋದ ಎರಡು ಹನಿ ಹಾಕಿದ್ದರು. ಹೆಪಟೈಟಿಸ್-ಬಿ ಲಸಿಕೆಯನ್ನು 24 ತಾಸಿನೊಳಗೇ ಹಾಕಬೇಕೆನ್ನುವುದಕ್ಕೆ ಕಾರಣವಿದೆ ಎಂಬುದು ಆಗ ನನಗೆ ತಿಳಿದಿರಲಿಲ್ಲ. ತಾಯಿಯ ರಕ್ತದಲ್ಲಿ ಆ ವೈರಾಣು ಇದ್ದರೆ ಹೆರಿಗೆಯ ಸಮಯದಲ್ಲೇ ಅದು ಕೂಸಿಗೆ ದಾಟುತ್ತದೆ. ದೊಡ್ಡವರಾದ ಮೇಲೆ ತಗಲಿದ ಸೋಂಕು ಬಹುಪಾಲು ಜನರಲ್ಲಿ ತಾನಾಗಿಯೇ ಹೋಗುತ್ತದೆ, ಹುಟ್ಟುವಾಗ ತಗಲಿದ್ದು ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಬದುಕಿಡೀ ಉಳಿದು ಮುಂದೊಂದು ದಿನ ಯಕೃತ್ತನ್ನು ಕೆಡಿಸುತ್ತದೆ. ಆದ್ದರಿಂದ ಈ ಒಂದು ಲಸಿಕೆಯ ವಿಷಯದಲ್ಲಿ ‘ನಾಳೆ ನೋಡೋಣ’ ಎನ್ನುವುದಕ್ಕೆ ಅರ್ಥವಿಲ್ಲ. ಬಿ.ಸಿ.ಜಿ.ಯನ್ನು ಎಡತೋಳಿಗೆ ಹಾಕುತ್ತಾರೆ. ಕೆಲವು ವಾರಗಳ ನಂತರ ಅಲ್ಲಿ ಗುಳ್ಳೆ ಎದ್ದು, ಒಡೆದು, ಕಲೆಯಾಗುತ್ತದೆ. ಪಕ್ಕದ ಮನೆಯ ಹಿರಿಯರು ಅರಿಷಿಣ ಹಚ್ಚಲು ಹೇಳಿದರು. ಅದಕ್ಕೆ ಏನನ್ನೂ ಹಚ್ಚಬಾರದು, ಅದು ಲಸಿಕೆ ಕೆಲಸ ಮಾಡಿದ ಗುರುತು.

ನಂತರ ಬರುವುದು ಆರು, ಹತ್ತು, ಹದಿನಾಲ್ಕು ವಾರಗಳ ಮೂರು ಸುತ್ತು. ಮುಖ್ಯವಾದದ್ದು ಪೆಂಟಾವೇಲೆಂಟ್, ಅಂದರೆ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್-ಬಿ ಮತ್ತು ಹಿಬ್ ಎಂಬ ರೋಗಾಣುವಿನಿಂದ ಬರುವ ನ್ಯುಮೋನಿಯಾ ಹಾಗೂ ಮೆದುಳುಪೊರೆಯ ಉರಿಯೂತ, ಈ ಐದಕ್ಕೂ ಒಂದೇ ಚುಚ್ಚುಮದ್ದು. ಮೊದಲ ಸುತ್ತಿನ ರಾತ್ರಿ ಕೂಸಿಗೆ ಜ್ವರ ಬಂದು, ಎಡತೊಡೆ ಗಟ್ಟಿಯಾಗಿ, ಬೆಳಗಿನವರೆಗೆ ಅತ್ತಳು. ಅವ್ವ ನಿದ್ದೆಗೆಟ್ಟು, “ಮುಂದಿನ ಸಲ ಬ್ಯಾಡ ಬಿಡವ್ವಾ, ಕೂಸು ಸೊರಗಿ ಹೋಗೈತಿ” ಎಂದಳು. ಹತ್ತನೇ ವಾರ ಮನೆಗೇ ಬಂದ ಸಿಸ್ಟರ್ ಅವಳ ಪಕ್ಕದಲ್ಲಿ ಕುಳಿತು, “ಜ್ವರಾ ಬಂದ್ರ ಹೆದರಬ್ಯಾಡ್ರಿ ಅವ್ವಾರ, ಕೂಸಿನ ಮೈ ಕಲಿಯಾಕತ್ತೈತಿ ಅಂತ ತಿಳಕೋರಿ” ಎಂದು ಹೇಳಿ, ಜ್ವರದ ಔಷಧಿಯ ಪ್ರಮಾಣವನ್ನು ಕೂಸಿನ ತೂಕ ನೋಡಿ ಹೇಳಿಕೊಟ್ಟು, ಚುಚ್ಚಿದ ಜಾಗವನ್ನು ತಿಕ್ಕದಂತೆ ಎಚ್ಚರಿಸಿ, ಅರ್ಧ ತಾಸು ಅಲ್ಲೇ ಇದ್ದು ಹೋದರು. ಆ ಅರ್ಧ ತಾಸು ಉಪಚಾರಕ್ಕಾಗಿ ಕುಳಿತದ್ದಲ್ಲ. ಅಪರೂಪಕ್ಕೆ ಆಗಬಹುದಾದ ತೀವ್ರ ಅಲರ್ಜಿ ಸಾಮಾನ್ಯವಾಗಿ ಅಷ್ಟರೊಳಗೇ ಕಾಣಿಸಿಕೊಳ್ಳುವುದರಿಂದ ಲಸಿಕೆ ಹಾಕಿಸಿದ ಜಾಗದಲ್ಲೇ ಕಾಯಬೇಕೆಂಬುದು ನಿಯಮ. ಲಸಿಕೆ ಹಾಕಿಸಿದ ತಕ್ಷಣ ಬಸ್ಸು ತಪ್ಪುತ್ತದೆಂದು ಓಡುವ ತಾಯಂದಿರನ್ನು ಕಂಡಾಗಲೆಲ್ಲ ನನಗೆ ಆ ಸಿಸ್ಟರ್ ನೆನಪಾಗುತ್ತಾರೆ.

ಏಳು ವರ್ಷಗಳ ಅಂತರದಲ್ಲಿ ಈ ಪಟ್ಟಿ ಎಷ್ಟು ಬೆಳೆದಿದೆ ಎಂಬುದು ಎರಡು ಕಾರ್ಡುಗಳನ್ನು ಹೋಲಿಸಿದರೆ ತಿಳಿಯುತ್ತದೆ. ಮಗಳಿಗೆ ಆ ಮೂರು ಸುತ್ತುಗಳಲ್ಲಿ ಸಿಕ್ಕಿದ್ದು ಪೆಂಟಾವೇಲೆಂಟ್ ಮತ್ತು ಪೋಲಿಯೋ ಹನಿ ಮಾತ್ರ. ಮಗನಿಗೆ ಅವುಗಳ ಜೊತೆಗೆ ಭೇದಿಯ ವಿರುದ್ಧ ರೋಟಾವೈರಸ್ ಹನಿ ಮೂರು ಸಲ ಸಿಕ್ಕಿತು. ಅದು ಕರ್ನಾಟಕದ ಪಟ್ಟಿಗೆ ಸೇರಿದ್ದು 2019ರಲ್ಲಿ. ನ್ಯುಮೋನಿಯಾದ ವಿರುದ್ಧದ ಪಿ.ಸಿ.ವಿ. 2021ರಲ್ಲಿ ದೇಶದಾದ್ಯಂತ ವಿಸ್ತರಣೆಯಾದದ್ದರಿಂದ ಆರು ಮತ್ತು ಹದಿನಾಲ್ಕನೇ ವಾರ ಬಲತೊಡೆಗೆ ಅದೂ ಸಿಕ್ಕಿತು. ಪೋಲಿಯೋ ಹನಿಯ ಜೊತೆಗೆ ತೋಳಿನ ಚರ್ಮದೊಳಗೆ ಕೊಡುವ ಪೋಲಿಯೋ ಚುಚ್ಚುಮದ್ದು ಮೊದಲು ಎರಡು ಸಲವಿದ್ದುದು, 2023ರ ಜನವರಿಯಿಂದ ಒಂಬತ್ತನೇ ತಿಂಗಳಿನ ಮೂರನೆಯದನ್ನೂ ಸೇರಿಸಿಕೊಂಡಿತು. ಒಂದೇ ದಿನ ಎಳೆಗೂಸಿಗೆ ಮೂರು ಕಡೆ ಚುಚ್ಚುವುದನ್ನು ನೋಡಲು ಕರುಳು ಕಿವುಚುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಅವನ್ನು ಬೇರೆ ಬೇರೆ ದಿನಕ್ಕೆ ಹಂಚಿದರೆ ಕೂಸಿಗೆ ಲಾಭವೇನೂ ಇಲ್ಲ. ರಕ್ಷಣೆ ತಡವಾಗುತ್ತದೆ, ಹಾಗೆ ಹಂಚಿದ್ದರಲ್ಲಿ ಒಂದೆರಡು ತಪ್ಪಿಯೂ ಹೋಗುತ್ತವೆ.

ಜಮಖಂಡಿಗೆ ಬಂದ ಮೇಲೆ ಮಗಳ ಒಂಬತ್ತನೇ ತಿಂಗಳ ದಡಾರದ ಚುಚ್ಚುಮದ್ದು ಒಂದು ತಿಂಗಳು ತಡವಾಯಿತು. ಕಾರ್ಡು ತವರಿನಲ್ಲಿದೆ, ಅಣ್ಣ ಬರುವಾಗ ತರುತ್ತಾನೆ, ಬಂದ ಮೇಲೆ ಹೋದರಾಯಿತು ಎಂದು ಸುಮ್ಮನಿದ್ದೆ. ಕಾರ್ಡಿಲ್ಲದಿದ್ದರೂ ಕೂಸನ್ನು ಕರೆದುಕೊಂಡು ಹೋಗಬಹುದಿತ್ತು, ಲಸಿಕೆ ಹಾಕಿ ಹೊಸ ಕಾರ್ಡಿನಲ್ಲಿ ಬರೆದುಕೊಡುತ್ತಿದ್ದರು ಎಂದು ಆಮೇಲೆ ತಿಳಿಯಿತು. ದಡಾರವನ್ನು ನಮ್ಮ ಕಡೆ ಗೊಬ್ಬರ ಎನ್ನುತ್ತಾರೆ, ‘ಅಮ್ಮ ಬಂದಾಳ’ ಎಂದು ಬೇವಿನ ಸೊಪ್ಪು ಕಟ್ಟುತ್ತಾರೆ. ತಾಯಿಯಿಂದ ಬಂದ ಪ್ರತಿಕಾಯಗಳು ಮೊದಲ ತಿಂಗಳುಗಳಲ್ಲಿ ಕೂಸನ್ನು ಕಾಯುತ್ತವೆ. ಆಗಲೇ ಲಸಿಕೆ ಕೊಟ್ಟರೆ ಅವೇ ಅದನ್ನು ಕೆಲಸ ಮಾಡಗೊಡುವುದಿಲ್ಲ. ಒಂಬತ್ತನೇ ತಿಂಗಳ ಹೊತ್ತಿಗೆ ಅವು ಇಳಿದುಹೋಗಿರುತ್ತವೆ. ಅಂದರೆ ನಾನು ಕಳೆದ ಆ ಒಂದು ತಿಂಗಳು ಮಗಳಿಗೆ ನನ್ನ ಕಾವಲೂ ಇರಲಿಲ್ಲ, ಲಸಿಕೆಯ ಕಾವಲೂ ಇರಲಿಲ್ಲ.

ಅವಳಿಗೆ ಆಗ ಸಿಕ್ಕಿದ್ದು ದಡಾರದ ಲಸಿಕೆ ಮಾತ್ರ. ರುಬೆಲ್ಲಾ ಸೇರಿದ ಎಂ.ಆರ್. ಲಸಿಕೆ ನಮ್ಮ ರಾಜ್ಯಕ್ಕೆ ಬಂದದ್ದು 2017ರ ಫೆಬ್ರುವರಿಯ ಅಭಿಯಾನದಲ್ಲಿ. ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಹಾಕಲಾಯಿತು. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಅಭಿಯಾನದ ವಾರ ವಾಟ್ಸಾಪಿನಲ್ಲಿ ಯಾರೋ ಹರಿಬಿಟ್ಟ ಸಂದೇಶಗಳಿಗೆ ಹೆದರಿ ಹಲವು ಪಾಲಕರು ಮಕ್ಕಳನ್ನು ಶಾಲೆಗೇ ಕಳಿಸಲಿಲ್ಲ. ಒಂದೂವರೆ ವರ್ಷದ ಮಗಳನ್ನು ಶಾಲೆಗೆ ಕರೆತಂದು ಎಲ್ಲರೆದುರು ಅವಳಿಗೇ ಮೊದಲು ಹಾಕಿಸಿದೆ. ರುಬೆಲ್ಲಾ ಮಕ್ಕಳಿಗೆ ಅಷ್ಟೇನೂ ಕಾಡುವ ರೋಗವಲ್ಲ. ಗರ್ಭಿಣಿಗೆ ಮೊದಲ ತಿಂಗಳುಗಳಲ್ಲಿ ತಗಲಿದರೆ ಹುಟ್ಟುವ ಕೂಸು ಕಣ್ಣು, ಕಿವಿ, ಹೃದಯದ ದೋಷಗಳೊಂದಿಗೆ ಹುಟ್ಟಬಹುದು. ಇನ್ನೂ ಹುಟ್ಟದವರಿಗಾಗಿ ಇಂದಿನ ಮಕ್ಕಳಿಗೆ ಹಾಕುವ ಲಸಿಕೆ ಅದು ಎಂದು ಅಂದು ತಾಯಂದಿರಿಗೆ ಹೇಳಿದ್ದು ನೆನಪಿದೆ. ಈಗ ಎಂ.ಆರ್. ಎರಡು ಸಲ ಇದೆ: ಒಂಬತ್ತು ತಿಂಗಳು ತುಂಬಿದಾಗ ಮತ್ತು ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳ ನಡುವೆ. ಎರಡನೆಯ ಭೇಟಿಯಲ್ಲಿ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುಗಳ ರಕ್ಷಣೆಯನ್ನು ಬಲಪಡಿಸುವ ಡಿ.ಪಿ.ಟಿ. ಬೂಸ್ಟರ್ ಮತ್ತು ಪೋಲಿಯೋ ಹನಿಯೂ ಇರುತ್ತವೆ. ಎ ಜೀವಸತ್ವದ ದ್ರಾವಣ ಒಂಬತ್ತನೇ ತಿಂಗಳಿಂದ ಆರಂಭವಾಗಿ ಐದು ವರ್ಷದೊಳಗೆ ಒಟ್ಟು ಒಂಬತ್ತು ಸಲ. ಮೆದುಳು ಜ್ವರದ ಜೆ.ಇ. ಲಸಿಕೆ ಎಲ್ಲ ಜಿಲ್ಲೆಗಳಲ್ಲೂ ಇರುವುದಿಲ್ಲ, ರೋಗದ ಸಂಭವವಿರುವ ಜಿಲ್ಲೆಗಳಿಗಷ್ಟೇ; ಬಾಗಲಕೋಟೆಯಲ್ಲಿ 2022ರ ಡಿಸೆಂಬರ್‌ನ ಅಭಿಯಾನದಲ್ಲಿ ಮಗಳಿಗೂ ಹಾಕಿದರು.

ಇಲ್ಲಿ ಒಂದು ನೋವಿನ ವಿಷಯವನ್ನು ಬರೆಯದೆ ಮುಂದೆ ಹೋಗುವುದು ಪ್ರಾಮಾಣಿಕವಾಗದು. 2022ರ ಜನವರಿಯಲ್ಲಿ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲೂಕಿನಲ್ಲಿ ಎಂ.ಆರ್. ಲಸಿಕೆ ಪಡೆದ ನಂತರ ಮೂರು ಎಳೆಯ ಮಕ್ಕಳು ತೀರಿಕೊಂಡವು. ಲಸಿಕೆಯನ್ನು ಇಟ್ಟುಕೊಂಡ ರೀತಿಯಲ್ಲಿ ಲೋಪವಾಗಿತ್ತೆಂಬ ಸುದ್ದಿ ಪತ್ರಿಕೆಗಳಲ್ಲಿ ಬಂತು. ಆಗ ನಾನು ಐದು ತಿಂಗಳ ಬಸುರಿ. ರಾಮದುರ್ಗ ನನಗೆ ದೂರದ ಊರಲ್ಲ. ಆ ಮನೆಗಳ ಅಳುವಿಗೆ ಯಾವ ವಿವರಣೆಯೂ ಸಮಾಧಾನವಾಗದು. ಆದರೆ ಅದಾದ ಮೇಲೆ ಲಸಿಕೆಯನ್ನೇ ಬಿಟ್ಟುಬಿಡುವುದು ಸರಿಯಾದ ದಾರಿಯಾಗಿ ನನಗೆ ಕಾಣಲಿಲ್ಲ. ಲಸಿಕೆಯನ್ನು ಹೇಗೆ ಕಾಯ್ದಿಡಬೇಕೆಂಬ ನಿಯಮವನ್ನು ಪಾಲಕರಾದ ನಾವೂ ತಿಳಿದುಕೊಳ್ಳಬೇಕೆನ್ನಿಸಿತು. ನಮ್ಮ ಉಪಕೇಂದ್ರದ ಸಿಸ್ಟರ್ ಬಿಡುವಿನ ವೇಳೆಯಲ್ಲಿ ನನಗೆ ಅದನ್ನು ವಿವರಿಸಿದರು. ಲಸಿಕೆಗಳೆಲ್ಲ ಎರಡರಿಂದ ಎಂಟು ಡಿಗ್ರಿ ಸೆಲ್ಸಿಯಸ್‌ನೊಳಗೆ ಇರಬೇಕು. ಬಿ.ಸಿ.ಜಿ. ಮತ್ತು ಎಂ.ಆರ್. ಪುಡಿಯ ರೂಪದಲ್ಲಿರುತ್ತವೆ; ಅದರದೇ ದ್ರಾವಣ ಬೆರೆಸಿದ ಮೇಲೆ ನಾಲ್ಕು ತಾಸಿನೊಳಗೆ ಬಳಸಬೇಕು, ಉಳಿದದ್ದನ್ನು ಮರುದಿನಕ್ಕೆ ಇಡುವಂತೆಯೇ ಇಲ್ಲ, ಏಕೆಂದರೆ ಅವುಗಳಲ್ಲಿ ಸಂರಕ್ಷಕವಿರುವುದಿಲ್ಲ, ಒಳಗೆ ರೋಗಾಣು ಸೇರಿದರೆ ತಡೆಯಿಲ್ಲದೆ ಬೆಳೆಯುತ್ತದೆ. ಪೆಂಟಾವೇಲೆಂಟ್, ಡಿ.ಪಿ.ಟಿ., ಟಿ.ಡಿ.ಯಂಥವನ್ನು ಸರಿಯಾಗಿ ಕಾಯ್ದಿಟ್ಟರೆ ತೆರೆದ ಮೇಲೂ 28 ದಿನ ಬಳಸಬಹುದು, ಆದರೆ ಅವು ಹೆಪ್ಪುಗಟ್ಟಿದರೆ ಕೆಟ್ಟಂತೆ. ತಂಪು ಹೆಚ್ಚಾದಷ್ಟೂ ಒಳ್ಳೆಯದೆಂಬ ನಮ್ಮ ಎಣಿಕೆ ಅಲ್ಲಿ ನಡೆಯದು. ಸೀಸೆಯ ಮೇಲೆ ಒಂದು ಬಣ್ಣದ ವೃತ್ತ, ಅದರೊಳಗೆ ತಿಳಿಬಣ್ಣದ ಚೌಕ ಇರುತ್ತದೆ. ಲಸಿಕೆಗೆ ಬಿಸಿ ತಗಲಿದಂತೆಲ್ಲ ಚೌಕ ಗಾಢವಾಗುತ್ತ ಹೋಗಿ ವೃತ್ತದ ಬಣ್ಣಕ್ಕೆ ಸಮನಾದರೆ ಅದನ್ನು ಬಳಸುವಂತಿಲ್ಲ. ಮಗನಿಗೆ ಎಂ.ಆರ್. ಹಾಕಿಸುವ ದಿನ ಸೀಸೆಯನ್ನು ಯಾವಾಗ ತೆರೆದಿರಿ ಎಂದು ಕೇಳಿದೆ. ಸಿಸ್ಟರ್ ಬೇಸರಿಸದೆ, ಸೀಸೆಯ ಮೇಲೆ ತಾವೇ ಬರೆದ ವೇಳೆಯನ್ನು ತೋರಿಸಿದರು. ಹೀಗೆ ಕೇಳುವುದು ಅವಿಶ್ವಾಸವಲ್ಲ, ಎಲ್ಲ ತಾಯಂದಿರೂ ಕೇಳಬೇಕಾದ ಮಾತು.

ನಾನು ಈ ಬರಹಕ್ಕೆ ಕುಳಿತದ್ದು ಐದನೇ ವರ್ಷದ ಸಾಲಿಗಾಗಿ. ಐದರಿಂದ ಆರು ವರ್ಷದೊಳಗೆ ಡಿ.ಪಿ.ಟಿ.ಯ ಎರಡನೇ ಬೂಸ್ಟರ್ ಆಗಬೇಕು. ನಮ್ಮ ಜನರಲ್ಲಿ ಲಸಿಕೆಯೆಂದರೆ ಒಂಬತ್ತನೇ ತಿಂಗಳಿಗೆ ಮುಗಿಯಿತು ಎಂಬ ಭಾವನೆ ಬಲವಾಗಿದೆ. ಇನ್ನು ಕೆಲವರಿಗೆ ಒಂದೂವರೆ ವರ್ಷದ್ದು ನೆನಪಿರುತ್ತದೆ. ಅಲ್ಲಿಂದ ಮೂರೂವರೆ ವರ್ಷ ಕಾರ್ಡನ್ನು ಯಾರೂ ಬಿಚ್ಚುವುದಿಲ್ಲ, ಕೂಸು ಅಂಗನವಾಡಿ ದಾಟಿ ಶಾಲೆಗೆ ಬರುವಷ್ಟರಲ್ಲಿ ಅದು ರೇಷನ್ ಕಾರ್ಡಿನ ಅಡಿಯಲ್ಲೋ ದೇವರ ಜಗಲಿಯ ಹಿಂದೆಯೋ ಸೇರಿಹೋಗಿರುತ್ತದೆ. ಇದೆಲ್ಲ ತಿಳಿದೂ ನಾನೂ ತಪ್ಪಿದೆ. ಮಗಳಿಗೆ ಐದು ತುಂಬಿದ್ದು 2020ರ ಆಗಸ್ಟ್‌ನಲ್ಲಿ; ಶಾಲೆಗಳು ಮುಚ್ಚಿದ್ದವು, ಕೊರೋನಾದ ಭಯಕ್ಕೆ ಆಸ್ಪತ್ರೆಯ ಮೆಟ್ಟಿಲು ಹತ್ತುವುದೇ ಬೇಡವೆಂದು ಅತ್ತೆಯವರು ಹೇಳಿದರು, ನಾನೂ ಒಪ್ಪಿದೆ. ಭಯ ಕಳೆದ ಮೇಲೆ ಮರೆತೇಬಿಟ್ಟೆ. 2022ರ ಆರಂಭದಲ್ಲಿ ಬೇರೆ ಯಾವುದೋ ಕಾಗದ ಹುಡುಕುವಾಗ ಕಾರ್ಡು ಕೈಗೆ ಸಿಕ್ಕಿ, ಆ ಸಾಲು ಖಾಲಿಯಿರುವುದು ಕಂಡಿತು. ಮರುದಿನವೇ ಅವಳನ್ನು ಕರೆದುಕೊಂಡು ಓಡಿದೆ. “ಏಳು ತುಂಬೂದ್ರಾಗ ಬಂದ್ರಿ ಅಕ್ಕೋರ, ಚಲೋ ಆತು” ಎಂದರು ಸಿಸ್ಟರ್. ಡಿ.ಪಿ.ಟಿ.ಗೆ ಏಳು ವರ್ಷವೇ ಗಡುವು; ಅದರ ನಂತರ ನಾಯಿಕೆಮ್ಮಿನ ಅಂಶವಿಲ್ಲದ ಟಿ.ಡಿ. ಕೊಡುತ್ತಾರೆ.

ಆ ಖಾಲಿ ಸಾಲು ನನ್ನನ್ನು ಅಷ್ಟು ನಡುಗಿಸಿದ್ದಕ್ಕೆ ಹಳೆಯ ಕಾರಣವೊಂದಿದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಶಾಲೆಯ ಮೂರನೇ ತರಗತಿಯ ಹುಡುಗನೊಬ್ಬನಿಗೆ ಗಂಟಲು ನೋವು, ಜ್ವರ ಎಂದು ನಾಲ್ಕು ದಿನ ಮನೆಮದ್ದು ಮಾಡಿದರು. ಐದನೇ ದಿನ ಕುತ್ತಿಗೆ ಊದಿಕೊಂಡು, ಗಂಟಲೊಳಗೆ ಬೂದುಬಣ್ಣದ ಪೊರೆ ಕಟ್ಟಿ, ಉಗುಳು ನುಂಗಲಾಗದೆ ಒದ್ದಾಡುವಾಗ ಬೆಳಗಾವಿಗೆ ಒಯ್ದರು. ಗಂಟಲಮಾರಿ. ಆ ರೋಗಾಣುವಿನ ವಿಷ ಗಂಟಲಿಗಷ್ಟೇ ನಿಲ್ಲದೆ ಹೃದಯವನ್ನೂ ಹಿಡಿಯುತ್ತದೆ. ಹುಡುಗ ಉಳಿದ, ಆದರೆ ತಿಂಗಳುಗಟ್ಟಲೆ ಆಟದ ಮೈದಾನಕ್ಕೆ ಇಳಿಯದಂತೆ ವೈದ್ಯರು ಹೇಳಿದ್ದರು. ಅವನ ತಾಯಿ ನನ್ನ ಕೈ ಹಿಡಿದು, “ಎಲ್ಲಾ ಹಾಕ್ಸೇವ್ರಿ ಅಕ್ಕೋರ, ಒಂದೂ ಬಿಟ್ಟಿಲ್ಲ” ಎಂದದ್ದು ಕಿವಿಯಲ್ಲಿದೆ. ಅವಳ ಪಾಲಿಗೆ ‘ಎಲ್ಲಾ’ ಎಂದರೆ ಒಂಬತ್ತನೇ ತಿಂಗಳವರೆಗಿನದು. ಎಳವೆಯಲ್ಲಿ ಪಡೆದ ರಕ್ಷಣೆ ವರ್ಷ ಕಳೆದಂತೆ ಇಳಿಯುತ್ತದೆ. ಬೂಸ್ಟರ್ ಅದನ್ನು ಮತ್ತೆ ಏರಿಸುತ್ತದೆ. ಉತ್ತರ ಕರ್ನಾಟಕದಲ್ಲಿ ಗಂಟಲಮಾರಿ ಇಂದಿಗೂ ಅಲ್ಲಲ್ಲಿ ಕಾಣಿಸಿಕೊಳ್ಳುತ್ತಿರುವುದು, ಅದೂ ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಲ್ಲಿ, ಈ ಮರೆವಿನಿಂದಲೇ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಹತ್ತು ಮತ್ತು ಹದಿನಾರನೇ ವರ್ಷಕ್ಕೆ ಮೊದಲು ಟಿ.ಟಿ. ಎಂದು ಬರೀ ಧನುರ್ವಾಯುವಿನ ಚುಚ್ಚುಮದ್ದು ಕೊಡುತ್ತಿದ್ದರು. 2019ರಿಂದ ಅದರ ಜಾಗಕ್ಕೆ ಟಿ.ಡಿ. ಬಂದಿದೆ; ಬಸುರಿಯರಿಗೂ ಈಗ ಅದೇ. ‘ಡಿ’ ಎಂಬುದು ಗಂಟಲಮಾರಿಯ ಅಂಶ, ದೊಡ್ಡ ಮಕ್ಕಳಿಗೆ ತಕ್ಕಂತೆ ಕಡಿಮೆ ಪ್ರಮಾಣದಲ್ಲಿ. ಶಾಲೆಯಲ್ಲೇ ಹಾಕುವುದಾದರೆ ಐದನೇ ಮತ್ತು ಹತ್ತನೇ ತರಗತಿಯ ಮಕ್ಕಳಿಗೆ ಹಾಕುತ್ತಾರೆ. ಹತ್ತನೆಯದನ್ನು ಅರ್ಧಕ್ಕೆ ಬಿಟ್ಟು ಹೊಲಕ್ಕೋ ಗ್ಯಾರೇಜಿಗೋ ಹೋದ ಹುಡುಗ, ಮದುವೆ ನಿಶ್ಚಯವಾಗಿ ಮನೆಯಲ್ಲಿ ಕುಳಿತ ಹುಡುಗಿ, ಇವರಿಬ್ಬರ ಹೆಸರು ಆ ದಿನದ ಹಾಜರಿಯಲ್ಲಿ ಇರುವುದಿಲ್ಲ, ಕಬ್ಬಿಣ ಮಣ್ಣು ಮುಟ್ಟಿ ದುಡಿಯುವವರು ಅವರೇ ಆದರೂ. ಹೆಣ್ಣುಮಕ್ಕಳಿಗೆ ಗರ್ಭಕೊರಳಿನ ಕ್ಯಾನ್ಸರನ್ನು ತಡೆಯುವ ಎಚ್.ಪಿ.ವಿ. ಲಸಿಕೆಯನ್ನು ಒಂಬತ್ತರಿಂದ ಹದಿನಾಲ್ಕು ವರ್ಷದೊಳಗೆ ಹಾಕಿಸುವುದು ಉತ್ತಮ. ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್‌ಗೆ 2022ರಲ್ಲಿ ಒಪ್ಪಿಗೆ ಸಿಕ್ಕ ಮೇಲೆ ನಮ್ಮ ದೇಶದ್ದೇ ಒಂದು ಲಸಿಕೆ ದೊರೆಯುವಂತಾಗಿದೆ. ಮಗಳಿಗೆ ಅದನ್ನು ಹಾಕಿಸುವುದೆಂದು ನಾನೂ ಯಜಮಾನರೂ ಮಾತಾಡಿಕೊಂಡಿದ್ದೇವೆ.

ಡಿ.ಎಡ್. ಓದಲು ಬೆಳಗಾವಿಯಲ್ಲಿದ್ದಾಗ ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಮೈದಾನದ ಬದಿಯಲ್ಲಿ ದಿನವೂ ನಡೆಯುತ್ತಿದ್ದೆ. ಜಾತ್ರೆ, ಸಭೆ, ಪ್ರದರ್ಶನಗಳಿಗೆ ಹೆಸರಾದ ಆ ಜಾಗಕ್ಕೆ ಆ ಹೆಸರು ಬಂದದ್ದು ಒಂದು ಕಾಲದಲ್ಲಿ ಅಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿದ್ದುದರಿಂದ ಎಂದು ತಿಳಿದದ್ದು ಎಷ್ಟೋ ವರ್ಷಗಳ ನಂತರ. ಸಿಡುಬಿನ ಕಲೆಯ ಮುಖಗಳನ್ನು ನಮ್ಮ ಅಜ್ಜಿ ಊರ ತುಂಬ ಕಂಡವಳು. ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬರೂ ಕಂಡಿಲ್ಲ.

ತಪ್ಪಿದವರಿಗೆ ಒಂದು ಮಾತು. ನಡುವೆ ಒಂದು ಸುತ್ತು ಬಿಟ್ಟುಹೋದರೆ ಮೊದಲಿನಿಂದ ಆರಂಭಿಸಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಿದರೆ ಸಾಕು. ಸುತ್ತುಗಳ ನಡುವೆ ನಾಲ್ಕು ವಾರದ ಅಂತರವಿರಬೇಕಷ್ಟೇ. ಆದರೆ ಕೆಲವಕ್ಕೆ ಗಡುವಿದೆ: ಬಿ.ಸಿ.ಜಿ.ಯನ್ನು ಒಂದು ವರ್ಷದವರೆಗೆ ಮಾತ್ರ ಹಾಕುತ್ತಾರೆ, ರೋಟಾವೈರಸ್‌ನ ಮೊದಲ ಹನಿಯೂ ಹುಟ್ಟಿದ ವರ್ಷದೊಳಗೇ ಬೀಳಬೇಕು, ಎಂ.ಆರ್.ಗೆ ಐದು ವರ್ಷದವರೆಗೆ ಅವಕಾಶವಿದೆ. ಸಣ್ಣ ನೆಗಡಿ, ಕೆಮ್ಮು, ಭೇದಿ ಇದ್ದರೂ ಲಸಿಕೆ ಹಾಕಿಸಬಹುದು. ನೆಗಡಿಯಾಗಿದೆ ಎಂದು ಲಸಿಕೆ ಹಾಕುವ ಗುರುವಾರವನ್ನು ತಪ್ಪಿಸಿದ ತಾಯಂದಿರು ಮುಂದಿನ ಗುರುವಾರ ಬರುವುದು ಕಡಿಮೆ.

ನಮ್ಮ ಶಾಲೆಯಲ್ಲಿ ಕೆಲವು ವರ್ಷಗಳಿಂದ ಒಂದನೇ ತರಗತಿಗೆ ಸೇರಿಸಲು ಬಂದವರಿಂದ ಜನನ ಪ್ರಮಾಣಪತ್ರದ ಜೊತೆಗೆ ತಾಯಿ ಕಾರ್ಡಿನ ಲಸಿಕೆಯ ಪುಟದ ಝೆರಾಕ್ಸನ್ನೂ ಕೇಳುತ್ತೇನೆ. ಇಲ್ಲದವರಿಗೆ ಸೇರ್ಪಡೆ ನಿಲ್ಲಿಸುವುದಿಲ್ಲ, ಹೆಸರು ಬರೆದು ಆಶಾ ಕಾರ್ಯಕರ್ತೆಗೆ ಕೊಡುತ್ತೇನೆ. ಕಬ್ಬು ಕಡಿಯುವ ಹಂಗಾಮು ಆರಂಭವಾದಾಗ ವಿಜಯಪುರ ಜಿಲ್ಲೆಯಿಂದ ಬಂದ ಕುಟುಂಬಗಳು ಊರ ಹೊರಗೆ ಗುಡಿಸಲು ಹಾಕಿಕೊಳ್ಳುತ್ತವೆ. ಅವರ ಮಕ್ಕಳು ಎರಡು ತಿಂಗಳು ನಮ್ಮಲ್ಲಿ, ಎರಡು ತಿಂಗಳು ಇನ್ನೊಂದು ಕಾರ್ಖಾನೆಯ ಹತ್ತಿರ ಇರುವುದರಿಂದ ಯಾವ ಊರಿನ ಪಟ್ಟಿಯಲ್ಲೂ ಗಟ್ಟಿಯಾಗಿ ನಿಲ್ಲುವುದಿಲ್ಲ. ಕಳೆದ ಹಂಗಾಮಿನಲ್ಲಿ ಇಂಡಿ ಕಡೆಯ ತಾಯಿಯೊಬ್ಬಳು ಆರು ವರ್ಷದ ಮಗಳನ್ನು ಕರೆತಂದಿದ್ದಳು. ಕಾರ್ಡಿದೆಯೇ ಎಂದು ಅಷ್ಟೇನೂ ಆಸೆಯಿಲ್ಲದೆ ಕೇಳಿದೆ. ಅವಳು ಸೆರಗಿನ ಗಂಟಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದು, ಅದರೊಳಗಿನ ಇನ್ನೊಂದು ಚೀಲ ಬಿಚ್ಚಿ, ನಾಲ್ಕು ಮಡಿಕೆಯ ಕಾರ್ಡನ್ನು ನನ್ನ ಮೇಜಿನ ಮೇಲೆ ಹರಡಿದಳು. ಹುಟ್ಟಿದ ದಿನದಿಂದ ಒಂದೂವರೆ ವರ್ಷದವರೆಗೆ ಪ್ರತಿ ಸಾಲೂ ತುಂಬಿತ್ತು, ನಾಲ್ಕು ಊರುಗಳ ಶಿಕ್ಕೆಗಳೊಂದಿಗೆ. ಐದನೇ ವರ್ಷದ್ದು ಖಾಲಿ ಇತ್ತು. ಅದರ ಮೇಲೆ ಬೆರಳಿಟ್ಟು, “ಇದೊಂದು ಉಳದೈತವ್ವಾ” ಎಂದೆ. “ಯಾವತ್ತ ಬರ್ಲಿರಿ?” ಎಂದು ಕೇಳಿದಳು. ಆ ಗುರುವಾರ ಅವಳು ಅರ್ಧ ದಿನದ ಕೂಲಿ ಬಿಟ್ಟು ಬಂದಳು. ಸಿಸ್ಟರ್ ದಿನಾಂಕ ಬರೆಯುವಾಗ ಪೆನ್ನನ್ನೇ ನೋಡುತ್ತ ನಿಂತಿದ್ದಳು.